ನೈರೋಬಿಗೆ ಹೊರಟವರಿಗೆ ಒಂದಿಷ್ಟು ಸಲಹೆ

ಟಿಕೆಟ್ ಬುಕ್ ಮಾಡಿದ ಕೂಡಲೇ ಹಳದಿ ಜ್ವರದ ಲಸಿಕೆಯ ವ್ಯವಸ್ಥೆ ಮಾಡಿಕೊಳ್ಳಿ. ಇದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ. ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಲಸಿಕೆ ಕಾರ್ಡ್‌ಗೆ ಮಾನ್ಯತೆ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಇಟಿಎ (ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶಾನುಮತಿ) ಅರ್ಜಿಯನ್ನು ಕೀನ್ಯಾ ಸರ್ಕಾರದ ತಾಣದಲ್ಲೇ ಹಾಕಿ, ಹೆಚ್ಚು ದುಡ್ಡು ಕೀಳುವ ನಕಲಿ ತಾಣಗಳಿವೆ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಮನೆಯಲ್ಲೇ ಬಿಡಿ, ಅಲ್ಲಿ 2017ರಿಂದ ನಿಷೇಧ.

ಇಳಿದ ತಕ್ಷಣ ಪಾಸ್‌ಪೋರ್ಟ್ ತೋರಿಸಿ ಸಫಾರಿಕಾಮ್ ಸಿಮ್ ತೆಗೆದುಕೊಂಡು ಎಂ-ಪೆಸಾ ಎಂಬ ಮೊಬೈಲ್ ಹಣದ ಖಾತೆ ಮಾಡಿಸಿಬಿಡಿ. ನಮ್ಮ ಯುಪಿಐ ಇದ್ದಂತೆ, ತರಕಾರಿ ಗಾಡಿಯವರೂ ತೆಗೆದುಕೊಳ್ಳುತ್ತಾರೆ. ಹಸಿರು ಬೋರ್ಡಿನ ಏಜೆಂಟ್ ಹತ್ತಿರ ನಗದು ಕೊಟ್ಟು ತುಂಬಿಸಿಕೊಳ್ಳಬಹುದು. ಅಂಗಡಿಯ ಟಿಲ್ ನಂಬರ್ (ಹಣ ಕಳಿಸಬೇಕಾದ ಸಂಖ್ಯೆ) ಒತ್ತುವಾಗ ಒಂದು ಅಂಕಿ ತಪ್ಪಿದರೂ ಹಣ ಬೇರೆಯವರ ಪಾಲು, ಹೆಸರು ನೋಡಿ ಖಚಿತಪಡಿಸಿಕೊಳ್ಳಿ.

ಮಟಾಟು ಎಂಬ ಖಾಸಗಿ ಪ್ರಯಾಣಿಕ ವ್ಯಾನ್ ಹತ್ತುವ ಮೊದಲೇ ಕಂಡಕ್ಟರ್‌ಗೆ ದರ ಕೇಳಿ. ಮಳೆ ಬಂದರೆ, ಸಂಜೆಯಾದರೆ ಏರುತ್ತದೆ. ಕಿಟಕಿ ಪಕ್ಕ ಕೂತು ಮೊಬೈಲ್ ಹಿಡಿಯಬೇಡಿ. ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಹೊರಗಿನಿಂದ ಕೈ ಹಾಕಿ ಕಸಿಯುತ್ತಾರೆ, ಟ್ಯಾಕ್ಸಿಯಲ್ಲೂ ಗಾಜು ಏರಿಸಿರಲಿ. ಕತ್ತಲಾದ ಮೇಲೆ ಊಬರ್ ಅಥವಾ ಬೋಲ್ಟ್‌ನಂಥ ಆ್ಯಪ್ ಟ್ಯಾಕ್ಸಿ ಒಳ್ಳೆಯದು. ಎಕ್ಸ್‌ಪ್ರೆಸ್‌ವೇ ಟೋಲ್ ಯಾರು ಕೊಡಬೇಕೆಂದು ಹೊರಡುವ ಮುಂಚೆ ಮಾತಾಡಿಕೊಳ್ಳಿ.

ಪ್ರಾಣಿಗಳನ್ನು ನೋಡಲು ನೈರೋಬಿ ನ್ಯಾಷನಲ್ ಪಾರ್ಕ್‌ಗೆ ಬೆಳಿಗ್ಗೆ 6ಕ್ಕೆ ಗೇಟ್ ತೆಗೆಯುವಾಗಲೇ ಹೋಗಿ. ಜುಲೈನಲ್ಲಿ ಅಲ್ಲಿ ಚಳಿ, ಸ್ವೆಟರ್ ಬೇಕೇ ಬೇಕು. ಸಸ್ಯಾಹಾರಿಗಳು ಭಾರತೀಯರು ಹೆಚ್ಚಿರುವ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಸುತ್ತಮುತ್ತ ರೂಮ್ ಹಿಡಿಯಿರಿ, ಊಟಕ್ಕೆ ಪರದಾಟವಿಲ್ಲ.