ಪಂಚಾಯಿತಿ ಮೋಟರ್ ಖರೀದಿಯ ಕಡತ ಓದುವುದು ಹೇಗೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೆರೆ ಸೇರುತ್ತಿದೆ, ಆದರೆ ಅದು ಅಂತರ್ಜಲ ತುಂಬಲೆಂದು ಬಿಡುವ ನೀರು. ಹೆಚ್ಚಿನ ಹಳ್ಳಿಗಳಿಗೆ ಕುಡಿಯಲು ಕೊಳವೆಬಾವಿಯೇ ಗತಿ. ಮೋಟರ್ ಸುಟ್ಟಾಗ ಬೈಗುಳವೆಲ್ಲ ವಾಟರ್‌ಮನ್‌ಗೆ ಬೀಳುತ್ತದೆ. ಒಂದೇ ಬೋರಿನ ಮೋಟರ್ ಪದೇ ಪದೇ ಸುಡುತ್ತಿದ್ದರೆ ತಪ್ಪು ಹೆಚ್ಚಾಗಿ ಖರೀದಿಯಲ್ಲೇ ಇರುತ್ತದೆ.

ಮೊದಲು ಕಡತ ಪಡೆಯಿರಿ. ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು. ‘ಎಲ್ಲ ಖರೀದಿಯ ವಿವರ ಕೊಡಿ’ ಎನ್ನಬೇಡಿ. ಒಂದು ಬೋರು, ಒಂದು ವರ್ಷ ಹಿಡಿದು ದರಪಟ್ಟಿ, ಸರಬರಾಜು ಆದೇಶ, ದಾಸ್ತಾನು ವಹಿ, ಬಿಲ್ಲಿನ ಪ್ರತಿ ಕೇಳಿ.

ಕೈಗೆ ಬಂದೊಡನೆ ದರ ನೋಡಬೇಡಿ, ಏನು ಬೇಕೆಂದು ಬರೆದಿದ್ದಾರೋ ಅದನ್ನು ನೋಡಿ. ‘ಸಬ್‌ಮರ್ಸಿಬಲ್ ಮೋಟರ್ ಪಂಪ್, 1 ಸೆಟ್’ ಎಂದಷ್ಟೇ ಇದ್ದರೆ ಕೆಲಸ ಅಲ್ಲೇ ಕೆಟ್ಟಿತು. ಸಾವಿರ ಅಡಿಯಿಂದ ನೀರೆತ್ತಬೇಕಾದ ಬೋರಿಗೆ ಆರುನೂರು ಅಡಿಯ ಪಂಪ್ ಇಳಿಸಿದರೆ ನೀರು ಮೇಲೆ ಬರುವುದಿಲ್ಲ. ಈ ಮೋಟರನ್ನು ತಂಪಾಗಿಡುವುದು ಅದರ ಸುತ್ತ ಹರಿಯುವ ನೀರೇ. ಹರಿವಿಲ್ಲದೆ ಕಾದು ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಡುತ್ತದೆ. ಆಳ, ನೀರಿನ ಮಟ್ಟ, ಕೇಬಲ್ ದಪ್ಪ, ಗ್ಯಾರಂಟಿ ಅವಧಿ ಬರೆಯದಿದ್ದರೆ ಕಡಿಮೆ ದರದವನಿಗೆ ಆದೇಶ ಕೊಟ್ಟು ರಿವೈಂಡಿಂಗ್ ಅಂಗಡಿಗೆ ದುಡ್ಡು ಸುರಿಯಬೇಕಾಗುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆಯುವ ಮೊದಲು ವಾಟರ್‌ಮನ್‌ನನ್ನು ಕೇಳಿದ್ದರೆ ಅರ್ಧ ಸಮಸ್ಯೆ ಇರುತ್ತಿರಲಿಲ್ಲ.

ನಂತರ ದಿನಾಂಕಗಳನ್ನು ಹೋಲಿಸಿ. ಒಂದೇ ವಾರದಲ್ಲಿ ಮೋಟರ್‌ಗೊಂದು, ಕೇಬಲ್‌ಗೊಂದು, ಪೈಪಿಗೊಂದು ಬಿಲ್ಲಾಗಿದ್ದು ಅಂಗಡಿ ಒಂದೇ ಆಗಿದ್ದರೆ ಅದು ತುಂಡು ಗುತ್ತಿಗೆಯೇ ಎಂದು ಕೇಳಿ. ಟೆಂಡರ್ ತಪ್ಪಿಸಲು ಖರೀದಿ ಒಡೆಯುವುದು ಸರ್ಕಾರಿ ಖರೀದಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯ ಆಶಯಕ್ಕೇ ವಿರುದ್ಧ. ಬೇಸಿಗೆ ಬಂದು ಹಾಹಾಕಾರವಾದ ಮೇಲೆ ತುರ್ತೆಂದು ಕೊಂಡಿದ್ದರೆ, ಚಳಿಗಾಲದಲ್ಲೇ ಏಕೆ ಕೊಳ್ಳಲಿಲ್ಲ ಎಂದೂ ಕೇಳಿ.

ಬಿಲ್ಲು ಪಾವತಿಯ ದಿನವನ್ನೂ ಬಿಡಬೇಡಿ. ತಿಂಗಳುಗಟ್ಟಲೆ ಅಲೆಸುವ ಕಚೇರಿಗೆ ಒಳ್ಳೆಯ ಅಂಗಡಿಯವರು ದರಪಟ್ಟಿಯನ್ನೇ ಕೊಡುವುದಿಲ್ಲ. ಕೊಡುವವರು ಆ ಕಾಯುವಿಕೆಯ ಬಡ್ಡಿಯನ್ನೂ ದರಕ್ಕೆ ಸೇರಿಸುತ್ತಾರೆ.

ಕೊನೆಗೆ ಈ ಕಾಗದಗಳನ್ನು ಪಂಚಾಯಿತಿಯ ಲೆಕ್ಕಪತ್ರವನ್ನು ಜನರೆದುರು ಪರಿಶೀಲಿಸಲು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಗೆ ಒಯ್ಯಿರಿ. ದಾಸ್ತಾನು ವಹಿಯಲ್ಲಿರುವ ಮೋಟರಿನ ನಂಬರನ್ನು ಮುಂದೆ ರಿಪೇರಿಗೆ ಮೇಲೆತ್ತಿದಾಗ ವಾಟರ್‌ಮನ್ ಎದುರೇ ತಾಳೆ ನೋಡಬೇಕೆಂದು ನಡಾವಳಿಯಲ್ಲಿ ಬರೆಸಿ.