ಗರ್ಭನಿರೋಧಕ ಮಾತ್ರೆ, ಮಸಲ್, ಕೊಬ್ಬು: ಭಾರ ಎತ್ತುತ್ತಾ ನಾನು ಕಂಡದ್ದು

ನಾನು ಜಿಮ್‌ಗೆ ಸೇರಿದ್ದೂ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮಗಳು ಶಾಲೆಗೆ ಹೋಗತೊಡಗಿದ್ದಳು. ಸದ್ಯಕ್ಕೆ ಇನ್ನೊಂದು ಮಗು ಬೇಡ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಡಾಕ್ಟರ್ ಬಿಪಿ ನೋಡಿದರು. ಮೈಗ್ರೇನ್ ಇದೆಯಾ, ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು ಉಂಟಾ ಅಂತೆಲ್ಲ ಕೇಳಿದ ಮೇಲೆ ಬರೆದುಕೊಟ್ಟರು. ಅದರಲ್ಲಿ ಎರಡು ಹಾರ್ಮೋನ್: ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಾಡಯಾಲ್ ಎಂಬ ಈಸ್ಟ್ರೊಜೆನ್ 0.03 ಮಿಲಿಗ್ರಾಂ. ಸರ್ಕಾರದ ಮಾಲಾ-ಎನ್ ಮಾತ್ರೆಯಲ್ಲಿರುವುದೂ ಇದೇ. ಒಂದು ಸ್ಟ್ರಿಪ್‌ನಲ್ಲಿ 21 ಹಾರ್ಮೋನ್ ಮಾತ್ರೆ, ಆಮೇಲೆ 7 ಕಬ್ಬಿಣಾಂಶದ ಮಾತ್ರೆ.

ವಿಷಯ ಗೊತ್ತಾಗುತ್ತಲೇ ಎರಡು ಕಡೆಯಿಂದ ಹೆದರಿಕೆ ಶುರುವಾಯಿತು. ಅಮ್ಮ, "ಅದನ್ನ ನುಂಗಿದ್ರೆ ಊದ್ಕೋತೀಯಾ ಕಣೇ" ಅಂದರು. ಜಿಮ್‌ನಲ್ಲಿ ಟ್ರೇನರ್, "ಮೇಡಂ, ಮಾತ್ರೆ ತಗೊಂಡ್ರೆ ಮಸಲ್ ಬರಲ್ಲ, ಬಿಟ್ಬಿಡಿ" ಅಂದ. ಇಬ್ಬರೂ ಕಾಳಜಿಯಿಂದಲೇ ಹೇಳಿದ್ದು. ಆದರೆ ಬೇಡದ ಗರ್ಭದ ಭಾರ ಹೊರಬೇಕಾದವಳು ನಾನು. ಸುಮ್ನೆ ಯಾರೋ ಹೇಳಿದರು ಅಂತ ಬಿಡುವ ಔಷಧಿ ಅಲ್ಲ ಅದು. ಹಾಗಾಗಿ ಓದಿದೆ, ಡಾಕ್ಟರ್ ಹತ್ತಿರ ಕೇಳಿದೆ, ನನ್ನ ಮೈಯನ್ನೇ ಅಳೆದು ನೋಡಿದೆ.

ಟ್ರೇನರ್ ಮಾತಿಗೆ ಬುಡವೇ ಇಲ್ಲ ಅಂತಲ್ಲ. ಮಾತ್ರೆ ನುಂಗಿದಾಗ ಅಂಡಾಶಯದ ಕೆಲಸ ತಗ್ಗುತ್ತದೆ. ಅಲ್ಲಿಂದ ಬರುವ, ಮಸಲ್ ಬೆಳೆಯಲು ನೆರವಾಗುವ ಟೆಸ್ಟೊಸ್ಟೆರಾನ್ ಹಾರ್ಮೋನ್ ಕಡಿಮೆಯಾಗುತ್ತದೆ. ಮಾತ್ರೆಯ ಈಸ್ಟ್ರೊಜೆನ್ ಯಕೃತ್ತಿನಲ್ಲಿ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಉಳಿದ ಟೆಸ್ಟೊಸ್ಟೆರಾನನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ರಕ್ತದಲ್ಲಿ ಬಿಡಿಯಾಗಿರುವ ಟೆಸ್ಟೊಸ್ಟೆರಾನ್ ಸರಾಸರಿ ಶೇ. 61ರಷ್ಟು ಇಳಿದದ್ದು ಕಂಡಿತ್ತು. ದೊಡ್ಡ ಇಳಿಕೆಯೇ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದವರು 2009ರಲ್ಲಿ ಒಂದು ಸಮ್ಮೇಳನದಲ್ಲಿ ಮಂಡಿಸಿದ ಅಧ್ಯಯನದಲ್ಲಿ 18ರಿಂದ 31 ವಯಸ್ಸಿನ 73 ಹೆಂಗಸರು 10 ವಾರ ಭಾರ ಎತ್ತಿದ್ದರು. ಮಾತ್ರೆ ತಗೊಳ್ಳುತ್ತಿದ್ದವರಿಗೆ ಮಸಲ್ ಕಡಿಮೆ ಬಂತು. ಜಿಮ್‌ಗಳಲ್ಲಿ ಈಗಲೂ ಓಡಾಡುವ ಮಾತು ಬಹುಶಃ ಅಂಥ ಸುದ್ದಿಗಳಿಂದಲೇ ಹುಟ್ಟಿರಬೇಕು.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಡೆನ್ಮಾರ್ಕಿನಲ್ಲಿ ಇದೇ ರೀತಿ 10 ವಾರ ಮಾಡಿಸಿದಾಗ ಮಾತ್ರೆ ತಗೊಂಡವರು ಹಿಂದೆ ಬೀಳಲಿಲ್ಲ. 2020ರಲ್ಲಿ 42 ಅಧ್ಯಯನಗಳನ್ನು ಸೇರಿಸಿ ನೋಡಿದವರು, ಆಟ ಮತ್ತು ವ್ಯಾಯಾಮದ ಸಾಮರ್ಥ್ಯದಲ್ಲಿ ಮಾತ್ರೆಯಿಂದ ಸ್ವಲ್ಪ ಇಳಿಕೆ ಇದ್ದರೂ ಅದು ಲೆಕ್ಕಕ್ಕೆ ಬರದಷ್ಟು ಸಣ್ಣದು ಅಂದರು. ಆಮೇಲೆ ಬಂದ, ಬರೀ ಭಾರ ಎತ್ತುವ ತರಬೇತಿಯನ್ನೇ ನೋಡಿದ ವಿಶ್ಲೇಷಣೆಯೂ ಮಸಲ್ ಗಾತ್ರದಲ್ಲಾಗಲಿ ಶಕ್ತಿಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಹೆಂಗಸರ ಟೆಸ್ಟೊಸ್ಟೆರಾನ್ ಮೊದಲೇ ಗಂಡಸರಿಗಿಂತ ತುಂಬಾ ಕಡಿಮೆ. ಆದರೂ ಹೊಸದಾಗಿ ಭಾರ ಎತ್ತುವ ಹೆಂಗಸಿನ ಮಸಲ್ ಶೇಕಡಾವಾರು ನೋಡಿದರೆ ಗಂಡಸಿನಷ್ಟೇ ಬೆಳೆಯುತ್ತದೆ. ಅಂದರೆ ನಮ್ಮ ಮಸಲನ್ನು ಬೆಳೆಸುವುದು ಮುಖ್ಯವಾಗಿ ಬಾರ್ ಮೇಲಿನ ತೂಕ, ಊಟ, ನಿದ್ದೆ.

ಇನ್ನು ಅಳೆದದ್ದು. ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಇದೇ.

ಮೊದಮೊದಲು ವೇಯಿಂಗ್ ಮೆಷಿನ್ ಮೇಲೆ ಒಂದೂವರೆ ಕಿಲೋ ಏರಿತು. ಬಳೆ ಬಿಗಿಯಾಯಿತು, ಎದೆ ಭಾರ ಅನ್ನಿಸಿತು. ಸೊಂಟದ ಟೇಪು ಮಾತ್ರ ಅಲ್ಲೇ ಇತ್ತು. ಈಸ್ಟ್ರೊಜೆನ್ ಕೆಲವರ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಎರಡನೇ ಮೂರನೇ ಸ್ಟ್ರಿಪ್ ಹೊತ್ತಿಗೆ ಅದು ತಾನಾಗಿ ಸರಿಹೋಯಿತು. ಜಿಮ್‌ನ ಬಾಡಿ ಫ್ಯಾಟ್ ಮೆಷಿನ್ ನಂಬುವುದನ್ನೂ ಬಿಟ್ಟೆ. ಅದು ಮೈಯಲ್ಲಿ ಸಣ್ಣಗೆ ಕರೆಂಟ್ ಹರಿಸಿ ನೀರಿನ ಅಂಶದಿಂದ ಕೊಬ್ಬಿನ ಲೆಕ್ಕ ಹಾಕುತ್ತದೆ. ನೀರು ಹೆಚ್ಚುಕಡಿಮೆಯಾದರೆ ಲೆಕ್ಕವೂ ಹೆಚ್ಚುಕಡಿಮೆ.

ಅದಕ್ಕೇ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಪ್ರತಿ ಸ್ಟ್ರಿಪ್‌ನ ಹತ್ತನೇ ಮಾತ್ರೆಯ ದಿನ ಬೆಳಿಗ್ಗೆ, ಬಾತ್‌ರೂಮಿಗೆ ಹೋಗಿ ಬಂದು, ಕಾಫಿಗೂ ಮೊದಲು ಅಳತೆ. ತೂಕ, ಸೊಂಟ, ತೊಡೆ, ತೋಳು. ಹೋದ ಸ್ಟ್ರಿಪ್‌ನ ಹತ್ತಕ್ಕೆ ಈ ಸ್ಟ್ರಿಪ್‌ನ ಹತ್ತು, ಅಷ್ಟೇ ಹೋಲಿಕೆ. ಕಬ್ಬಿಣದ ಮಾತ್ರೆಯ ವಾರದಲ್ಲಿ ಹಾರ್ಮೋನ್ ನಿಂತಿರುತ್ತದೆ, ರಕ್ತಸ್ರಾವ ಆಗುತ್ತದೆ, ಹೊಟ್ಟೆ ಉಬ್ಬರ ಬೇರೆ. ಆ ವಾರದ ತೂಕ ನೋಡಿ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಜೊತೆಗೆ ಸ್ಕ್ವಾಟ್ (ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಓವರ್‌ಹೆಡ್ ಪ್ರೆಸ್ (ತಲೆಯ ಮೇಲಕ್ಕೆ ಎತ್ತುವುದು) ಮೂರರಲ್ಲೂ ಎಷ್ಟು ಕಿಲೋ, ಎಷ್ಟು ಸಲ ಅಂತ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಮುಟ್ಟಿನ ಯಾವ ವಾರದಲ್ಲಿ ಯಾವ ವ್ಯಾಯಾಮ ಮಾಡಬೇಕು ಅಂತ ಈಗ ಎಲ್ಲರೂ ಚಾರ್ಟ್ ಹಂಚುತ್ತಾರಲ್ವಾ? ಇಂಥ ಮಾತ್ರೆಯಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ. ನಮಗೆ ಅಂಡ ಬಿಡುಗಡೆಯೇ ಆಗುವುದಿಲ್ಲ. 21 ದಿನವೂ ಒಂದೇ ಪ್ರಮಾಣದ ಹಾರ್ಮೋನ್. ನನಗಂತೂ ಇದು ಅನುಕೂಲವೇ ಆಯಿತು. ಮೊದಲಿನ ಹಾಗೆ ಮುಟ್ಟಿನ ನೋವು ಕಾಡಲಿಲ್ಲ, ಅದಕ್ಕಾಗಿ ಜಿಮ್ ತಪ್ಪಲಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿಲೋ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಗುರಿ ಇಟ್ಟುಕೊಂಡೆ. ನನ್ನ 58 ಕಿಲೋಗೆ ಅದು 90 ಗ್ರಾಂ ಹತ್ತಿರ. ಅನ್ನ ಸಾರಿನಲ್ಲಿ ಅಷ್ಟು ಸಿಗುವುದಿಲ್ಲ. ಮೊಟ್ಟೆ, ಗಟ್ಟಿ ಮೊಸರು, ಸೋಯಾ, ಮೊಳಕೆ ಹುರುಳಿಕಾಳಿನ ಉಸಲಿ, ವಾರಕ್ಕೆರಡು ಸಲ ಮೀನು, ಕಡಿಮೆ ಬಿದ್ದ ದಿನ ಒಂದು ಚಮಚ ವೇ ಪುಡಿ (ಹಾಲಿನ ಪ್ರೋಟೀನ್ ಪುಡಿ). ವರ್ಷ ಕಳೆಯುವಷ್ಟರಲ್ಲಿ ಖಾಲಿ ಬಾರ್ ಎತ್ತಲು ತಿಣುಕುತ್ತಿದ್ದವಳು 70 ಕಿಲೋ ಡೆಡ್‌ಲಿಫ್ಟ್ ಮಾಡುತ್ತಿದ್ದೆ. ತೂಕ ಹೆಚ್ಚುಕಡಿಮೆ ಅಷ್ಟೇ, ಸೊಂಟ ಇಳಿದಿತ್ತು, ರವಿಕೆಯ ತೋಳು ಬಿಡಿಸಬೇಕಾಯಿತು.

ಅಮ್ಮನ ಹೆದರಿಕೆಗೆ ಕಾರಣ ನನ್ನ ಅತ್ತಿಗೆ. "ಅವಳು ನೋಡು ಹೇಗಾದಳು" ಅನ್ನುತ್ತಿದ್ದರು. ಅತ್ತಿಗೆಯನ್ನೇ ಕೇಳಿದಾಗ ಗೊತ್ತಾಯಿತು, ಅವರು ತಗೊಂಡಿದ್ದು ಮಾತ್ರೆಯಲ್ಲ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್. ಅದರಲ್ಲಿರುವ ಡಿಎಂಪಿಎ ಎಂಬ ಹಾರ್ಮೋನಿನಿಂದ ಕೆಲವರಿಗೆ ನಿಜವಾಗಿಯೂ ತೂಕ, ಕೊಬ್ಬು ಏರುತ್ತದೆ. ಈಸ್ಟ್ರೊಜೆನ್ ಇರುವ ಮಾತ್ರೆಯ ವಿಷಯ ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ನೋಡುವ ಕಾಕ್ರೇನ್ ಸಂಸ್ಥೆ 49 ಪ್ರಯೋಗಗಳನ್ನು ಪರಿಶೀಲಿಸಿ ಕೊಟ್ಟ 2014ರ ವರದಿಯಲ್ಲಿ ಅದು ತೂಕವನ್ನು ದೊಡ್ಡದಾಗಿ ಏರಿಸುತ್ತದೆ ಅನ್ನಲು ಆಧಾರ ಸಿಗಲಿಲ್ಲ. ವಾರಕ್ಕೊಮ್ಮೆಯ ಛಾಯಾ ಮಾತ್ರೆಯಲ್ಲಂತೂ ಸ್ಟೀರಾಯ್ಡ್ ಹಾರ್ಮೋನೇ ಇಲ್ಲ. ಎಲ್ಲವನ್ನೂ "ಆ ಮಾತ್ರೆ" ಅಂತ ಒಟ್ಟಿಗೆ ಕಟ್ಟಿ ಮಾತಾಡುವುದರಿಂದ ಎಷ್ಟೋ ಹೆಂಗಸರು ವಿನಾಕಾರಣ ಹೆದರುತ್ತಾರೆ. ಇದು ನನಗೆ ತುಂಬಾ ಸಂಕಟದ ವಿಷಯ.

ನಿಜವಾಗಿ ಎಚ್ಚರ ಬೇಕಾದ ಜಾಗ ಬೇರೆ ಇದೆ. ಈಸ್ಟ್ರೊಜೆನ್ ಇರುವ ಮಾತ್ರೆಯಿಂದ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಅಪರೂಪ, ಆದರೆ ಭಾರ ಎತ್ತುವವರು ಇದನ್ನು ಸ್ಕ್ವಾಟ್ ಮಾಡಿದ ನೋವು ಅಂದುಕೊಳ್ಳುವ ಅಪಾಯವಿದೆ. ವ್ಯಾಯಾಮದ ನೋವು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಬಿಪಿ ಕೂಡ ಆಗಾಗ ನೋಡಿಸುತ್ತಿರಿ.

35ರ ಹತ್ತಿರ ಬಂದಾಗ ಡಾಕ್ಟರ್ ಜೊತೆ ಮಾತಾಡಿ ಮಾತ್ರೆ ಬಿಟ್ಟು ಕಾಪರ್-ಟಿ ಹಾಕಿಸಿಕೊಂಡೆ. ಹಾರ್ಮೋನ್ ನಿಂತ ಮೇಲೆ ಮಸಲ್ ದಿಢೀರ್ ಅಂತ ಬೆಳೆಯುತ್ತದಾ ಅಂತ ಕುತೂಹಲದಿಂದಲೇ ನೋಟ್‌ಬುಕ್ ಮುಂದುವರಿಸಿದೆ. ತೋಳು, ತೊಡೆ, ಡೆಡ್‌ಲಿಫ್ಟ್ ಯಾವುದರಲ್ಲೂ ಹಾಗೇನೂ ಆಗಲಿಲ್ಲ. ಮೊದಲಿನ ಹಾಗೇ ನಿಧಾನಕ್ಕೆ ಏರುತ್ತಿದೆ. ಕಾಪರ್-ಟಿ ಹಾಕಿಸಿದ ಮೇಲೆ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಹಾಗಾಗಿ ಈಗ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತಿರುತ್ತೇನೆ.