ವ್ಯಾಪಾರ ಇಳಿದ ವರ್ಷ ಕೆಲಸಗಾರರಿಗೆ ಏನು ಕೊಡಬಹುದು?

ಅಡಿಕೆಗೆ ಎಲೆಚುಕ್ಕಿಯೋ ಕೊಳೆಯೋ ತಗುಲಿದ ವರ್ಷ ಮಲೆನಾಡಿನ ತೋಟದವರ ಕೈಯಲ್ಲಿ ಹಣ ಓಡಾಡುವುದಿಲ್ಲ. ಅದರ ಪೆಟ್ಟು ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಗೂ ತೀರ್ಥಹಳ್ಳಿಯ ಕಿರಾಣಿ ಅಂಗಡಿಗೂ ಬೀಳುತ್ತದೆ. ಸಂಬಳ ಹೆಚ್ಚಿಸಲಾಗದ ಅಂಥ ವರ್ಷದಲ್ಲಿಯೂ ಕೆಲಸಗಾರರ ದುಡಿಮೆಯನ್ನು ಗುರುತಿಸಲು ದಾರಿಗಳಿವೆ.

ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಬೇಕು. ಸಂಬಳ ಹೇಳಿದ ತಾರೀಖಿಗೆ ಕೈಸೇರಲಿ. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಅರ್ಹ ನೌಕರರಿಗೆ ಕೊಡುವ ಶೇ 8.33ರ ಕನಿಷ್ಠ ಬೋನಸ್ ಕಾನೂನಿನ ಹಕ್ಕು. ಅದನ್ನು ಉಡುಗೊರೆಯೆಂದು ಲೆಕ್ಕ ಹಿಡಿಯಬಾರದು.

ಮಳೆಗಾಲದಲ್ಲಿ ಗಿರಾಕಿಗಳು ಕಡಿಮೆಯಾದಾಗ ಮಾಲೀಕರ ಬಳಿ ಧಾರಾಳವಾಗಿರುವುದು ಸಮಯ. ನನ್ನ ಅಭಿಪ್ರಾಯದಲ್ಲಿ ಕೊಡಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನಮ್ಮ ಅಂಗಡಿ, ಪ್ರೆಸ್ಸು, ಗಿರಣಿಗಳಲ್ಲಿ ದುಡಿಯುವ ಅನೇಕರಿಗೆ ಊರಿನಲ್ಲಿ ಒಂದಿಷ್ಟು ಗದ್ದೆ ಇರುತ್ತದೆ. ನಾಟಿಯ ಹೊತ್ತಿಗೆ ಸರದಿಯಂತೆ ಎರಡು ದಿನ ಸಂಬಳಸಹಿತ ರಜೆ ಕೊಟ್ಟರೆ ಅವರ ಮನೆಗೆ ಒಂದು ಆಳಿನ ಕೂಲಿ ಉಳಿಯುತ್ತದೆ, ನಿಮಗೆ ಹೆಚ್ಚಿನ ಖರ್ಚೂ ಬೀಳುವುದಿಲ್ಲ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ ಚೆಲ್ಲಬೇಕಾದವರನ್ನು ಅಂಗಡಿಯಲ್ಲಿ ಕೂರಿಸಿಕೊಳ್ಳಬೇಡಿ. ಹೊಸನಗರದ ಕಡೆ ಹೋಗುವವರನ್ನು ಜಡಿಮಳೆಯ ಸಂಜೆ ಒಂದು ಗಂಟೆ ಮೊದಲೇ ಕಳುಹಿಸಿದರೆ ಕತ್ತಲಾಗುವ ಮುನ್ನ ಮನೆ ಸೇರುತ್ತಾರೆ. ಮುಂಗಾರಿಗೆ ಮೊದಲೇ ಎಲ್ಲರನ್ನೂ ಕೂರಿಸಿಕೊಂಡು, ಯಾರಿಗೆ ಯಾವ ದಿನ ಬೇಕೆಂದು ಕೇಳಿ ಬರೆದಿಟ್ಟುಕೊಂಡರೆ ಪಕ್ಷಪಾತದ ಮಾತು ಬರುವುದಿಲ್ಲ.

ಸ್ವಲ್ಪ ಹಣ ತೆಗೆಯಬಹುದಾದರೆ ವಿಮೆಗೆ ಹಾಕಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. ಮೊದಲನೆಯದಕ್ಕೆ 18ರಿಂದ 70 ವರ್ಷದವರು, ಎರಡನೆಯದಕ್ಕೆ 18ರಿಂದ 50 ವರ್ಷದವರು ಸೇರಬಹುದು. ಅಪಘಾತದಲ್ಲಿ ತೀರಿಕೊಂಡರೆ ಮೊದಲನೆಯದರಿಂದ, ಯಾವುದೇ ಕಾರಣದಿಂದ ತೀರಿಕೊಂಡರೆ ಎರಡನೆಯದರಿಂದ ಕುಟುಂಬಕ್ಕೆ 2 ಲಕ್ಷ ರೂಪಾಯಿ ಬರುತ್ತದೆ. ವಿಮಾ ವರ್ಷ ಜೂನ್ 1ರಿಂದ ಆರಂಭವಾಗುವುದರಿಂದ, ಮೇ ಮಧ್ಯದಲ್ಲಿಯೇ ಅವರ ಖಾತೆಗೆ 456 ರೂಪಾಯಿ ಹಾಕಿ, ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ತುಂಬಲು ಜೊತೆಗೆ ಹೋಗಿ.

ಮೆಚ್ಚುಗೆಯ ಮಾತಿಗೆ ಖರ್ಚೇ ಇಲ್ಲ, ಆದರೆ ಅದು ಖಚಿತವಾಗಿರಬೇಕು. "ಚೆನ್ನಾಗಿ ಕೆಲಸ ಮಾಡ್ತೀರಿ" ಎಂದರೆ ಏನೂ ಹೇಳಿದಂತಾಗುವುದಿಲ್ಲ. "ಮಳೆ ಹೊಯ್ಯೋ ಮುಂಚೆ ನೀವು ಚೀಲಗಳನ್ನ ಹಲಗೆ ಮೇಲೆ ಏರಿಸಿಟ್ಟಿದ್ದಕ್ಕೆ ಒಂದು ಚೀಲಾನೂ ನೆನೀಲಿಲ್ಲ" ಎಂದು ಎಲ್ಲರೆದುರು ಹೇಳಿದರೆ, ಮಾಲೀಕರು ಕಣ್ಣಿಟ್ಟು ನೋಡುತ್ತಿದ್ದಾರೆಂದು ಅವರಿಗೆ ತಿಳಿಯುತ್ತದೆ. ಕಸ ಗುಡಿಸುವವರನ್ನೂ ಹಮಾಲರನ್ನೂ ಇಂಥ ಮಾತಿನಿಂದ, ರಜೆಯ ಪಟ್ಟಿಯಿಂದ ಬಿಡಬೇಡಿ.